ದುಡುಕದ ಜೋಸೆಫರು, ದುಡುಕಿನ ಪೇತ್ರರು

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ದೀಪಗಳು ಉರಿಯುತ್ತಲೇ ಇವೆ. ಮನೆಗಳಲ್ಲಿ ಕಲ್ಕಲ್, ಕರ್ಜಿಕಾಯಿಯ ಡಬ್ಬಗಳು ಇನ್ನೂ ಖಾಲಿಯಾಗಿಲ್ಲ. ಈ ಸಂಭ್ರಮದ ನಡುವೆಯೇ ಧರ್ಮಸಭೆ ನಮ್ಮನ್ನು ಗೋದಲಿಯ ಮುಂದೆ ಮತ್ತೊಮ್ಮೆ ನಿಲ್ಲಿಸುತ್ತದೆ. ಮಗುವನ್ನಷ್ಟೇ ಅಲ್ಲ, ಮಗುವಿನ ಎರಡು ಬದಿಯಲ್ಲಿರುವ ಗಂಡ ಹೆಂಡಿರನ್ನೂ ಇಂದು ನೋಡಿರಿ ಎನ್ನುತ್ತದೆ. 1921ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. 1969ರಲ್ಲಿ ಪೂಜಾಪಂಚಾಂಗವನ್ನು ಪರಿಷ್ಕರಿಸಿದಾಗ ಅದು ಕ್ರಿಸ್ತಜಯಂತಿಯ ನಂತರದ ಭಾನುವಾರಕ್ಕೆ ಬಂದು ಸೇರಿತು. ದೇವರ ಮಗ ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ಒಂದು ಸಂಸಾರದಲ್ಲಿ ಎಂಬುದನ್ನು ಈ ಹಬ್ಬ ನಮಗೆ ನೆನಪಿಸುತ್ತದೆ.

ಪವಿತ್ರ ಕುಟುಂಬದ ಪಟ ನಮ್ಮೆಲ್ಲರ ಮನೆಗಳಲ್ಲಿದೆ. ಪಟದಲ್ಲಿ ಮೂವರ ಮುಖವೂ ಶಾಂತ. ಆದರೆ ಪಟದ ಕೆಳಗೆ ಬದುಕುವ ನಮ್ಮ ಮುಖಗಳು ಯಾವಾಗಲೂ ಹಾಗಿರುವುದಿಲ್ಲ. ಆದ್ದರಿಂದ ಇಂದು ಪಟಕ್ಕೆ ಹೂಮಾಲೆ ಹಾಕಿ ಸುಮ್ಮನಾಗುವುದು ಬೇಡ. ಪಟದ ಕೆಳಗೆ ನಡೆಯುವ ಬದುಕಿನ ಒಂದು ಕಷ್ಟವನ್ನು ದೇವರ ವಾಕ್ಯದ ಬೆಳಕಿನಲ್ಲಿ ಇಟ್ಟು ನೋಡೋಣ. ಆ ಕಷ್ಟದ ಹೆಸರು ದುಡುಕು. ಗಂಡನೋ ಹೆಂಡತಿಯೋ ದುಡುಕು ಸ್ವಭಾವದವರಾದಾಗ ದಾಂಪತ್ಯದ ನೆಮ್ಮದಿ ಏನಾಗುತ್ತದೆ? ಅದಕ್ಕೆ ಪರಿಹಾರವುಂಟೆ?

ದುಡುಕು ಎಂದರೆ ಬರಿಯ ಕೋಪವಲ್ಲ. ಮನಸ್ಸಿಗೆ ಬಂದದ್ದು ಬುದ್ಧಿಯನ್ನು ಕೇಳದೆ ನೇರವಾಗಿ ಬಾಯಿಗೆ, ಕೈಗೆ, ಜೇಬಿಗೆ ಇಳಿದುಬಿಡುವುದೇ ದುಡುಕು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ತಳ್ಳುವುದು ದುಡುಕು. ಮನೆಯವರಿಗೆ ಒಂದು ಮಾತೂ ಹೇಳದೆ ಸಾಲ ಮಾಡಿ ಹೊಸ ಬೈಕು ತಂದು ಬಾಗಿಲಲ್ಲಿ ನಿಲ್ಲಿಸುವುದೂ ದುಡುಕೇ. ಗೆಳೆಯ ಕೇಳಿದನೆಂದು ಅವನ ಸಾಲಕ್ಕೆ ಜಾಮೀನು ಹಾಕಿ ಬರುವುದು, ಮೇಲಧಿಕಾರಿ ಒಂದು ಮಾತು ಅಂದನೆಂದು ಮಧ್ಯಾಹ್ನವೇ ಕೆಲಸ ಬಿಟ್ಟು ಬರುವುದು, ಅತ್ತೆ ಏನೋ ಅಂದರೆಂದು ಬಟ್ಟೆ ಕಟ್ಟಿಕೊಂಡು ತವರಿನ ಬಸ್ಸು ಹತ್ತುವುದು, ರಾತ್ರಿ ಹನ್ನೊಂದು ಗಂಟೆಗೆ ನೆಂಟರಿಷ್ಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಗಂಡನ ಮೇಲಿನ ದೂರನ್ನು ಹಾಕಿಬಿಡುವುದು, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು.

ದುಡುಕಿನವರೆಲ್ಲ ಕೆಟ್ಟವರೇನಲ್ಲ. ಅಕ್ಕಪಕ್ಕದ ಮನೆಯಲ್ಲಿ ಯಾರಿಗೋ ಕಾಯಿಲೆ ಎಂದರೆ ನಡುರಾತ್ರಿ ಮೊದಲು ಎದ್ದು ಓಡುವವರು ಅವರೇ. ಸಂತೆಯಿಂದ ಬರುವಾಗ ಯಾರೂ ಕೇಳದಿದ್ದರೂ ಎರಡು ಮೊಳ ಮಲ್ಲಿಗೆ ತರುವವರೂ ಅವರೇ. ಮದುವೆಗೆ ಮುಂಚೆ ನಮ್ಮ ಮನಸ್ಸನ್ನು ಸೆಳೆಯುವುದು ಈ ಗುಣವೇ. ಮದುವೆಯ ನಂತರ ನಮ್ಮನ್ನು ಅಳಿಸುವುದೂ ಅದೇ ಗುಣ. ಈ ಎರಡು ಮಾತೂ ನಿಜ. ಎರಡನ್ನೂ ಮರೆಯದೆ ಮುಂದೆ ಹೋಗೋಣ.

ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುವ ಎಷ್ಟೋ ಹೆಣ್ಣುಮಕ್ಕಳು ಒಂದೇ ಮಾತನ್ನು ಹೇಳುತ್ತಾರೆ. "ಸ್ವಾಮಿ, ಅವರು ಒಳ್ಳೆಯವರೇ. ಆದರೆ ಯಾವಾಗ ಏನು ಮಾಡುತ್ತಾರೋ ಗೊತ್ತಾಗುವುದಿಲ್ಲ." ಗಂಡಸರೂ ತಮ್ಮ ಹೆಂಡತಿಯ ಬಗ್ಗೆ ಇದೇ ಮಾತನ್ನು ಹೇಳುವುದುಂಟು. ನೋವು ಇರುವುದು ಈ "ಗೊತ್ತಾಗುವುದಿಲ್ಲ" ಎಂಬ ಮಾತಿನಲ್ಲಿಯೇ. ಬಡತನವನ್ನು ಇಬ್ಬರೂ ಸೇರಿ ಹೊರಬಹುದು, ಏಕೆಂದರೆ ಅದರ ಭಾರ ಎಷ್ಟೆಂದು ಇಬ್ಬರಿಗೂ ಗೊತ್ತು. ಆದರೆ ನಾಳೆ ಮನೆಗೆ ಏನು ಬರುತ್ತದೆಂದು ಗೊತ್ತಿಲ್ಲದ ಮನೆಯಲ್ಲಿ ಜೊತೆಗಾರರು ಕಾವಲುಗಾರರಾಗಿಬಿಡುತ್ತಾರೆ. ಗೇಟಿನ ಬಳಿ ಬೈಕು ನಿಲ್ಲಿಸುವ ಸದ್ದಿನಲ್ಲೇ ಇಂದಿನ ಮನಸ್ಥಿತಿ ಹೇಗಿದೆಯೆಂದು ಅಳೆಯುತ್ತಾರೆ. ಶಾಲೆಯ ಅಂಕಪಟ್ಟಿಯನ್ನು ಯಾವಾಗ ತೋರಿಸಬೇಕು, ಕರೆಂಟು ಬಿಲ್ಲಿನ ಮಾತನ್ನು ಯಾವಾಗ ತೆಗೆಯಬೇಕು ಎಂದು ಲೆಕ್ಕ ಹಾಕುತ್ತಾರೆ. ಕೊನೆಗೆ ನಿಜ ಹೇಳುವುದನ್ನೇ ಬಿಡುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಂತೆ, ಮಕ್ಕಳೂ ಈ ಲೆಕ್ಕಾಚಾರವನ್ನು ಕಲಿತುಬಿಡುತ್ತಾರೆ.

ಇನ್ನೊಂದು ಕಡೆ ದುಡುಕಿದವರಿಗೆ ಇದು ಕಾಣುವುದೇ ಇಲ್ಲ. ಅವರ ಸಿಟ್ಟು ಬಂದಷ್ಟೇ ಬೇಗ ಇಳಿದಿರುತ್ತದೆ. ಅರ್ಧ ಗಂಟೆಯ ನಂತರ ಕಾಫಿ ಕೇಳುತ್ತಾರೆ. "ಅಷ್ಟಕ್ಕೇ ಇಷ್ಟು ಹೊತ್ತು ಮುಖ ಊದಿಸಿಕೊಂಡಿದ್ದೀಯಾ?" ಎಂದು ಆಶ್ಚರ್ಯಪಡುತ್ತಾರೆ. ಆಡಿದವರಿಗೆ ಅದು ಐದು ನಿಮಿಷದ ಮಾತು, ಕೇಳಿದವರಿಗೆ ಐದು ವರ್ಷದ ಗಾಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಿಯರೇ, ಗಂಡು ನೋಡುವ ಮನೆಗಳಲ್ಲಿ ನಾವು ಒಂದು ಮಾತನ್ನು ತಪ್ಪದೆ ಕೇಳುತ್ತೇವೆ. ಸಂಬಳ ಎಷ್ಟು, ಜಮೀನು ಎಷ್ಟು, ಸ್ವಂತ ಮನೆಯೋ ಬಾಡಿಗೆಯೋ ಎಂದು ವಿಚಾರಿಸುವ ನಾವು, ಸ್ವಭಾವದ ಮಾತು ಬಂದಾಗ "ಹುಡುಗನಿಗೆ ಸ್ವಲ್ಪ ಮುಂಗೋಪ, ಮದುವೆಯಾದರೆ ಸರಿಹೋಗುತ್ತಾನೆ" ಎಂದು ತೇಲಿಸಿಬಿಡುತ್ತೇವೆ. ಹುಡುಗಿಯ ಬಗ್ಗೆಯೂ "ಒಂದು ಮಗುವಾದರೆ ಸರಿಹೋಗುತ್ತಾಳೆ" ಎನ್ನುತ್ತೇವೆ. ಇದು ನಿಜವೇ?

ಇದನ್ನು ತಾಳ್ಮೆಯಿಂದ ಪರೀಕ್ಷಿಸಿದವರಿದ್ದಾರೆ. ಅಮೆರಿಕದಲ್ಲಿ ಲೊವೆಲ್ ಕೆಲ್ಲಿ ಎಂಬ ಮನಶ್ಶಾಸ್ತ್ರಜ್ಞರು 1930ರ ದಶಕದಲ್ಲಿ ಮದುವೆ ನಿಶ್ಚಯವಾಗಿದ್ದ 300 ಜೋಡಿಗಳನ್ನು ಆರಿಸಿಕೊಂಡರು. ಆ ಹುಡುಗ ಹುಡುಗಿಯರ ಸ್ವಭಾವ ಎಂಥದ್ದೆಂದು ಅವರನ್ನು ಚೆನ್ನಾಗಿ ಬಲ್ಲ ಪರಿಚಿತರನ್ನು ಕೇಳಿ ಬರೆದಿಟ್ಟರು. ಆಮೇಲೆ 1980ರ ತನಕ ಅವರ ಬದುಕನ್ನು ಹಿಂಬಾಲಿಸಿದರು. 22 ಜೋಡಿಗಳ ನಿಶ್ಚಿತಾರ್ಥ ಮುರಿದುಬಿತ್ತು. ಮದುವೆಯಾದ 278 ಜೋಡಿಗಳಲ್ಲಿ 50 ಜೋಡಿಗಳು ವಿಚ್ಛೇದನ ಪಡೆದವು. ಉಳಿದವರಲ್ಲಿಯೂ ಕೆಲವರು ಸುಖವಾಗಿದ್ದರು, ಕೆಲವರು ಸುಮ್ಮನೆ ಒಂದೇ ಸೂರಿನ ಕೆಳಗಿದ್ದರು. ಕೆಲ್ಲಿ ಮತ್ತು ಅವರ ಜೊತೆಗಾರ ಜೇಮ್ಸ್ ಕಾನ್ಲಿ 1987ರಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು. ದಾಂಪತ್ಯ ಉಳಿಯುವುದಕ್ಕೂ ಅದರ ನೆಮ್ಮದಿಗೂ ಹೆಚ್ಚು ನಂಟಿದ್ದ ಸ್ವಭಾವದ ಅಂಶಗಳು ಮೂರು: ಗಂಡನ ಮನಸ್ಸಿನ ಚಂಚಲತೆ ಮತ್ತು ಆತಂಕ, ಹೆಂಡತಿಯ ಮನಸ್ಸಿನ ಚಂಚಲತೆ ಮತ್ತು ಆತಂಕ, ಹಾಗೂ ಗಂಡನಿಗೆ ತನ್ನ ದುಡುಕನ್ನು ತಡೆಯುವ ಶಕ್ತಿ ಎಷ್ಟಿದೆ ಎಂಬುದು.

ಇದು ಬೇರೆ ನಾಡಿನ, ಬೇರೆ ಕಾಲದ ಅಧ್ಯಯನ. ಸ್ವಭಾವ ಹೀಗಿದ್ದರೆ ಮದುವೆ ಹೀಗೆಯೇ ಆಗುತ್ತದೆ ಎಂದು ಅದು ಜಾತಕ ಬರೆಯುವುದಿಲ್ಲ. ಆದರೂ ಅದರಿಂದ ನಾವು ಎರಡು ಪಾಠ ಕಲಿಯಬಹುದು. ಒಂದು, ಮದುವೆಗೆ ಮುಂಚೆ ನೆಂಟರಿಗೂ ಗೆಳೆಯರಿಗೂ ಕಂಡ ಸ್ವಭಾವ ದಶಕಗಳ ನಂತರವೂ ಆ ಮನೆಯಲ್ಲಿ ಕೆಲಸ ಮಾಡುತ್ತಿತ್ತು. ತಾಳಿಯೋ ಉಂಗುರವೋ ಅದನ್ನು ತಾನಾಗಿ ಅಳಿಸಲಿಲ್ಲ. ಮದುವೆ ಸಂಸ್ಕಾರ, ಔಷಧಿಯಲ್ಲ. ಇನ್ನೊಂದು, ಮನೆಯ ನೆಮ್ಮದಿ ಹೆಣ್ಣಿನ ತಾಳ್ಮೆಯ ಮೇಲೆ ನಿಂತಿದೆ ಎಂದು ನಾವು ಸದಾ ಹೇಳುತ್ತಾ ಬಂದಿದ್ದೇವೆ. ಈ ಅಧ್ಯಯನ ಗಂಡಸರ ಕಡೆಗೂ ಬೆರಳು ತೋರಿಸಿತು. ಗಂಡ ತನ್ನನ್ನು ತಾನು ತಡೆದುಕೊಳ್ಳಬಲ್ಲನೇ ಎಂಬುದು ಇಡೀ ಮನೆಯ ಪ್ರಶ್ನೆ.

ಈಗ ಇಂದಿನ ಶುಭಸಂದೇಶಕ್ಕೆ ಬರೋಣ. ಮತ್ತಾಯನ ಶುಭಸಂದೇಶದಲ್ಲಿ ಸಂತ ಜೋಸೆಫರು ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಆದರೆ ಅವರ ನಡತೆಯೇ ಮಾತನಾಡುತ್ತದೆ. ತಮಗೆ ನಿಶ್ಚಯವಾಗಿದ್ದ ಮರಿಯಮ್ಮನವರು ಗರ್ಭಿಣಿ ಎಂದು ತಿಳಿದಾಗ ಆ ಮನುಷ್ಯನ ಎದೆಗೆ ಎಂಥ ಪೆಟ್ಟು ಬಿದ್ದಿರಬೇಕು! ಊರ ಜನರನ್ನು ಕೂಗಿ ನ್ಯಾಯ ಕೇಳಲು ಅವರಿಗೆ ಅಡ್ಡಿಯಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಮರಿಯಮ್ಮನವರಿಗೆ ಅವಮಾನವಾಗದ ದಾರಿಯನ್ನು ಹುಡುಕಿದರು. ಆಗಲೂ ಕೂಡಲೇ ಎದ್ದು ಹೋಗದೆ ಆಲೋಚಿಸುತ್ತಾ ಮಲಗಿದರು. ದೇವದೂತನು ಬಂದದ್ದು ಆ ಆಲೋಚನೆಯ ನಡುವೆ. ಜೋಸೆಫರು ಅಂದು ಸಂಜೆಯೇ ದುಡುಕಿದ್ದರೆ ದೇವದೂತನು ಮಾತನಾಡಲು ಆ ರಾತ್ರಿಯೇ ಇರುತ್ತಿರಲಿಲ್ಲ. ದುಡುಕಿಗೂ ಕೆಲಸಕ್ಕೂ ನಡುವೆ ಅವರು ಬಿಟ್ಟ ಆ ಒಂದು ರಾತ್ರಿಯಲ್ಲಿ ದೇವರಿಗೆ ಜಾಗ ಸಿಕ್ಕಿತು.

ಆದರೆ ಇಂದು ನಾವು ಕೇಳಿದ ಭಾಗದಲ್ಲಿ ಇದೇ ಜೋಸೆಫರು ಎಷ್ಟು ಚುರುಕು ನೋಡಿರಿ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಿದ್ದಾನೆಂದು ತಿಳಿದ ಕೂಡಲೇ ಬೆಳಗಾಗುವುದನ್ನು ಕಾಯಲಿಲ್ಲ. ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಹಾಗಾದರೆ ಇದು ದುಡುಕಲ್ಲವೇ? ಅಲ್ಲ. ತಮ್ಮ ನೋವಿನ ವಿಷಯ ಬಂದಾಗ ಜೋಸೆಫರು ನಿಧಾನ. ಹೆಂಡತಿ ಮಗುವಿನ ಸುರಕ್ಷತೆಯ ವಿಷಯ ಬಂದಾಗ ಚುರುಕು. ನಮ್ಮಲ್ಲಿ ಬಹಳ ಸಲ ಇದು ತಿರುಗುಮುರುಗಾಗುತ್ತದೆ. ನಮ್ಮ ಮರ್ಯಾದೆಗೆ ಪೆಟ್ಟು ಬಿದ್ದರೆ ಒಂದು ಕ್ಷಣವೂ ತಡೆಯುವುದಿಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮಾತ್ರ ಮೂರು ತಿಂಗಳು ತಡೆಯುತ್ತೇವೆ.

ಎರಡನೆಯ ವಾಚನದಲ್ಲಿ ಸಂತ ಪೌಲರು ಕೊಲೊಸ್ಸೆಯ ಜನರಿಗೆ ಕನಿಕರ, ದಯೆ, ದೀನತೆ, ಸೌಮ್ಯತೆ, ತಾಳ್ಮೆ ಇವುಗಳನ್ನು ಬಟ್ಟೆಯಂತೆ ತೊಟ್ಟುಕೊಳ್ಳಲು ಹೇಳುತ್ತಾರೆ. ಈ ಹೋಲಿಕೆ ಎಷ್ಟು ಸೊಗಸಾಗಿದೆ! ಬಟ್ಟೆ ತೊಟ್ಟುಕೊಂಡು ಯಾರೂ ಹುಟ್ಟುವುದಿಲ್ಲ. ನಿನ್ನೆ ತೊಟ್ಟದ್ದು ಇಂದಿಗೆ ಸಾಲುವುದಿಲ್ಲ, ದಿನವೂ ಬೆಳಿಗ್ಗೆ ಮತ್ತೆ ತೊಡಬೇಕು. "ನನ್ನ ಸ್ವಭಾವವೇ ಹೀಗೆ, ಏನು ಮಾಡಲಿ?" ಎನ್ನುವವರಿಗೆ ಪೌಲರ ಉತ್ತರ ಇದೇ. ಸ್ವಭಾವ ನಮ್ಮ ಚರ್ಮವಿರಬಹುದು, ತಾಳ್ಮೆ ನಾವು ತೊಡುವ ಬಟ್ಟೆ. ಇದೇ ವಾಚನದಲ್ಲಿ ಹೆಂಡತಿಯರಿಗೆ ಹೇಳಿದ ವಿಧೇಯತೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡು ಮನೆಗೆ ಹೋಗುವ ಗಂಡಸರಿದ್ದಾರೆ. ಅವರು ಇನ್ನೊಂದು ಸಾಲನ್ನೂ ಕೇಳಬೇಕು. ಹೆಂಡತಿಯೊಡನೆ ನಿಷ್ಠುರವಾಗಿ ನಡೆಯಬಾರದೆಂದು ಪೌಲರು ಗಂಡಂದಿರಿಗೆ ಅಲ್ಲಿಯೇ ಎಚ್ಚರಿಕೆ ಕೊಟ್ಟಿದ್ದಾರೆ.

ಹಳೆಯ ಒಡಂಬಡಿಕೆಯಲ್ಲಿ, ಸಮುವೇಲನ ಮೊದಲನೆಯ ಗ್ರಂಥದ 25ನೇ ಅಧ್ಯಾಯದಲ್ಲಿ, ಒಂದು ಸಂಸಾರದ ಕಥೆಯಿದೆ. ನಾಬಾಲನು ದೊಡ್ಡ ಶ್ರೀಮಂತ, ಆದರೆ ಒರಟ. ದಾವೀದನ ಆಳುಗಳು ಉಣ್ಣಲು ಏನಾದರೂ ಕೊಡಿರೆಂದು ವಿನಯದಿಂದ ಕೇಳಿದಾಗ ಅವನು ಹಿಂದೆಮುಂದೆ ನೋಡದೆ ಹೀಯಾಳಿಸಿ ಕಳುಹಿಸಿದ. ದಾವೀದನೂ ಕಡಿಮೆಯೇನಲ್ಲ. ಸುದ್ದಿ ಕೇಳಿದ ಕೂಡಲೇ ಕತ್ತಿ ಕಟ್ಟಿಕೊಂಡು 400 ಮಂದಿಯೊಡನೆ ಹೊರಟ. ಬೆಳಗಾಗುವುದರೊಳಗೆ ಆ ಮನೆಯ ಗಂಡಸರಲ್ಲಿ ಒಬ್ಬನನ್ನೂ ಉಳಿಸುವುದಿಲ್ಲವೆಂದು ಶಪಥ ಮಾಡಿದ. ಎರಡು ದುಡುಕುಗಳ ನಡುವೆ ನಿಂತವಳು ನಾಬಾಲನ ಹೆಂಡತಿ ಅಬೀಗೈಲಳು. ಅವಳು 200 ರೊಟ್ಟಿ, ಐದು ಕುರಿಗಳ ಮಾಂಸ, ಹುರಿದ ಕಾಳು, 100 ಗೊಂಚಲು ಒಣದ್ರಾಕ್ಷಿ ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿ ದಾವೀದನಿಗೆ ಎದುರಾಗಿ ಹೋದಳು. ಅವನ ಕಾಲಿಗೆ ಬಿದ್ದು, ಮುಂದೆ ರಾಜನಾಗುವವನ ಕೈಗೆ ಇಂಥ ರಕ್ತ ಅಂಟಬಾರದೆಂದು ತಿಳಿಹೇಳಿದಳು. ದಾವೀದನು ನಿಂತ, ಕೇಳಿದ, ತನ್ನನ್ನು ತಡೆದದ್ದಕ್ಕಾಗಿ ಅವಳನ್ನು ಹರಸಿ ಹಿಂತಿರುಗಿದ. ಅಬೀಗೈಲಳು ಮನೆಗೆ ಬಂದಾಗ ನಾಬಾಲನು ಕುಡಿದು ಔತಣದಲ್ಲಿದ್ದ. ಆಗ ಅವಳು ಅವನಿಗೆ ಏನನ್ನೂ ಹೇಳಲಿಲ್ಲ. ಅಮಲು ಇಳಿದ ಮೇಲೆ, ಬೆಳಿಗ್ಗೆ ಹೇಳಿದಳು.

ಈ ಕಥೆಯನ್ನು ಕೇಳಿದಾಗ "ಹೆಂಡತಿ ಎಂದರೆ ಹೀಗಿರಬೇಕು" ಎನ್ನಲು ನಮಗೆ ಆತುರ. ಆದರೆ ಕಥೆಯನ್ನು ಪೂರ್ತಿ ಓದಬೇಕು. ಅಬೀಗೈಲಳ ಜಾಣ್ಮೆ ಮನೆಯವರ ಪ್ರಾಣ ಉಳಿಸಿತು, ನಾಬಾಲನನ್ನು ಬದಲಿಸಲಿಲ್ಲ. ಒಬ್ಬರ ತಾಳ್ಮೆಯಿಂದ ಅನಾಹುತ ತಪ್ಪಬಹುದು, ದಾಂಪತ್ಯದ ಸುಖ ಹುಟ್ಟುವುದಿಲ್ಲ. ಸುಖ ಹುಟ್ಟಬೇಕಾದರೆ ದುಡುಕಿನವರು ದಾವೀದನಂತೆ ನಿಲ್ಲಬೇಕು, ಕೇಳಬೇಕು, ಹಿಂತಿರುಗಬೇಕು. ನಮ್ಮ ಎಷ್ಟೋ ಮನೆಗಳಲ್ಲಿ "ಹೊಂದಿಕೊಂಡು ಹೋಗು" ಎಂಬ ಬುದ್ಧಿಮಾತನ್ನು ಒಬ್ಬರಿಗೆ ಮಾತ್ರ ಹೇಳುತ್ತೇವೆ. ನಿಂತು ಕೇಳು ಎಂದು ಇನ್ನೊಬ್ಬರಿಗೆ ಯಾರು ಹೇಳಬೇಕು?

ಹಾಗಾದರೆ ದುಡುಕಿನವರಿಗೆ ಭರವಸೆಯಿಲ್ಲವೇ? ಇದೆ. ಆ ಭರವಸೆಯ ಹೆಸರು ಸಂತ ಪೇತ್ರರು. ಶಿಷ್ಯರಲ್ಲೆಲ್ಲ ದುಡುಕಿನವರು ಯಾರೆಂದು ಕೇಳಿದರೆ ಧರ್ಮೋಪದೇಶದ ಮಕ್ಕಳೂ ಪೇತ್ರರ ಹೆಸರನ್ನೇ ಹೇಳುತ್ತಾರೆ. ನೀರಿನ ಮೇಲೆ ನಡೆಯಲು ಮೊದಲು ಇಳಿದವರು ಅವರೇ, ಮುಳುಗಲು ಶುರುವಾಗಿ ಕೂಗಿದವರೂ ಅವರೇ. ಪಾದ ತೊಳೆಯುವುದು ಬೇಡವೇ ಬೇಡ ಎಂದವರು ಮರುಕ್ಷಣದಲ್ಲಿ ಕೈಯನ್ನೂ ತಲೆಯನ್ನೂ ತೊಳೆಯಿರಿ ಎಂದರು. ತೋಟದಲ್ಲಿ ಕತ್ತಿ ಹಿರಿದು ಮಾಲ್ಕನ ಬಲಗಿವಿಯನ್ನು ಕತ್ತರಿಸಿದರು. ಪ್ರಾಣವನ್ನೇ ಕೊಡುತ್ತೇನೆಂದವರು ಕೋಳಿ ಕೂಗುವ ಮುಂಚೆ ಮೂರು ಬಾರಿ ಅಲ್ಲಗಳೆದರು.

ಈ ಪೇತ್ರರು ಮದುವೆಯಾದವರು ಎಂಬುದನ್ನು ನಾವು ಮರೆತುಬಿಡುತ್ತೇವೆ. ಜ್ವರದಿಂದ ಮಲಗಿದ್ದ ಪೇತ್ರರ ಅತ್ತೆಯನ್ನು ಪ್ರಭು ಯೇಸು ಗುಣಪಡಿಸಿದರೆಂದು ಮಾರ್ಕನು ಬರೆಯುತ್ತಾನೆ. ಪೇತ್ರರು ಹೆಂಡತಿಯನ್ನು ಜೊತೆಯಲ್ಲಿ ಕರೆದುಕೊಂಡು ಸಂಚರಿಸುತ್ತಿದ್ದರೆಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲರ ಮಾತಿನಿಂದ ತಿಳಿಯುತ್ತದೆ. ಆ ತಾಯಿಯ ಹೆಸರು ಪವಿತ್ರ ಗ್ರಂಥದಲ್ಲಿಲ್ಲ. ಬಲೆ ದೋಣಿ ಬಿಟ್ಟು ಹೊರಟುಬಿಟ್ಟ ಗಂಡನನ್ನು ಕಂಡು ಅವರು ಏನೆಂದರೋ! ಆದರೂ ಮುಂದೆ ಅದೇ ಗಂಡನ ಜೊತೆ ಊರೂರು ನಡೆದರು.

ಪ್ರಭುವು ಪೇತ್ರರ ದುಡುಕನ್ನು ಹೇಗೆ ಗುಣಪಡಿಸಿದರು? ಅವರನ್ನು ದೂರ ತಳ್ಳಲಿಲ್ಲ. ಅವರು ಮಾಡಿದ್ದೆಲ್ಲ ಸರಿ ಎಂದು ಸುಮ್ಮನೂ ಇರಲಿಲ್ಲ. ಕತ್ತಿಯನ್ನು ಒರೆಗೆ ಹಾಕೆಂದು ಎಲ್ಲರ ಮುಂದೆ ಗದರಿಸಿದರು. ಅಲ್ಲಗಳೆದ ರಾತ್ರಿ ತಿರುಗಿ ಒಮ್ಮೆ ಅವರನ್ನು ನೋಡಿದರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಮೊದಲು ಊಟ ಕೊಟ್ಟು, ಆಮೇಲೆ ಮೂರು ಸಲ ಒಂದೇ ಪ್ರಶ್ನೆ ಕೇಳಿದರು: ನನ್ನನ್ನು ಪ್ರೀತಿಸುತ್ತೀಯಾ ಎಂದು. ಬೇಗ ಬೇಗ ಉತ್ತರ ಕೊಡುವ ಮನುಷ್ಯನನ್ನು ಮೂರು ಸಲ ನಿಲ್ಲಿಸಿ ಯೋಚಿಸುವಂತೆ ಮಾಡಿದರು. ಮುಂದೆ ಪೇತ್ರರ ಹೆಸರಿನ ಮೊದಲ ಪತ್ರ ಗಂಡಂದಿರಿಗೆ ಕೊಡುವ ಬುದ್ಧಿಮಾತು ಏನು ಗೊತ್ತೆ? ಹೆಂಡತಿಯನ್ನು ಅರಿತುಕೊಂಡು ಬಾಳಬೇಕು, ಅವಳಿಗೆ ಗೌರವ ಕೊಡಬೇಕು ಎಂದು. ದುಡುಕಿನ ಮನುಷ್ಯನ ಹೆಸರಿನಲ್ಲಿಯೇ ಅರಿವಿನ ಮಾತು ನಮಗೆ ಬಂದಿದೆ!

ಪ್ರಿಯರೇ, ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಹೆಂಡತಿಯನ್ನು ಹೊಡೆಯುವುದಕ್ಕೆ ದುಡುಕು ಎಂಬ ಸೌಮ್ಯವಾದ ಹೆಸರು ಕೊಡಬಾರದು. ಸಿಟ್ಟು ತಡೆಯಲಾಗಲಿಲ್ಲ ಎನ್ನುವ ಗಂಡಸು ಪೊಲೀಸರ ಮುಂದೆ, ಮೇಲಧಿಕಾರಿಯ ಮುಂದೆ ಅದನ್ನು ತಡೆಯುತ್ತಾನಲ್ಲವೇ? ಅಲ್ಲಿ ತಡೆಯುವ ಕೈ ಮನೆಯಲ್ಲಿ ಯಾಕೆ ತಡೆಯಲಾರದು? 2016ರಲ್ಲಿ ಪ್ರಕಟವಾದ "ಅಮೋರಿಸ್ ಲೆತೀತ್ಸಿಯಾ" ಎಂಬ ಪ್ರಬೋಧನಪತ್ರದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು ಪೌಲರ ಪ್ರೀತಿಯ ವರ್ಣನೆಯನ್ನು ಒಂದೊಂದು ಪದವಾಗಿ ಬಿಡಿಸಿದ್ದಾರೆ. ತಾಳ್ಮೆ ಎಂದರೆ ದುಡುಕಿನಿಂದ ನಡೆಯದಿರುವುದು ಎಂದು ವಿವರಿಸಿದ ಅವರು, ತಾಳ್ಮೆಯೆಂದರೆ ಸದಾ ಹಿಂಸೆ ಸಹಿಸುತ್ತಾ ಇರುವುದಲ್ಲ ಎಂದೂ ಅಲ್ಲಿಯೇ ಸೇರಿಸಿದ್ದಾರೆ. ಒಬ್ಬರಿಂದ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನಿನ 1153ನೇ ವಿಧಿಯೇ ಅವಕಾಶ ಕೊಡುತ್ತದೆ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ರಕ್ಷಣೆಯೂ ನಮ್ಮ ಹೆಣ್ಣುಮಕ್ಕಳಿಗಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಅಪಾಯದಲ್ಲಿರುವ ಮಗಳನ್ನು ಸಹಿಸಿಕೋ ಎಂದು ವಾಪಸು ಕಳುಹಿಸಬೇಡಿರಿ. ಜೋಸೆಫರು ತಾಯಿ ಮಗುವನ್ನು ಅಪಾಯದ ಊರಿನಲ್ಲಿ ಬಿಡಲಿಲ್ಲ.

ಕೆಲವರ ದುಡುಕಿನ ಹಿಂದೆ ಕುಡಿತವಿರಬಹುದು, ಮನಸ್ಸಿನ ಕಾಯಿಲೆಯಿರಬಹುದು. ಅದನ್ನು ಪ್ರಾರ್ಥನೆಯೊಂದರಿಂದಲೇ ಗುಣಪಡಿಸುತ್ತೇವೆಂದು ಕೂರುವುದು ಸರಿಯಲ್ಲ. ವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ಸೇವೆಯ 14416 ಸಂಖ್ಯೆಗೆ ಯಾವ ಊರಿನಿಂದಲಾದರೂ ಫೋನು ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಇನ್ನು ದಿನನಿತ್ಯದ ದುಡುಕಿಗೆ ನಾವು ಮನೆಯಲ್ಲಿಯೇ ಮಾಡಬಹುದಾದದ್ದೇನು? ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದು, ಜಗಳಕ್ಕೆ ಬಿಡುವು ಕೊಡುವುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂಪತಿಗಳ ಜಗಳವನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್ಮನ್‌ರವರು ಜಗಳವಾಡುವವರ ಎದೆಬಡಿತವನ್ನು ಅಳೆದು ನೋಡಿದರು. ಅದು ನಿಮಿಷಕ್ಕೆ 100ನ್ನು ದಾಟಿತೆಂದರೆ ಎದುರಿನವರ ಮಾತು ತಲೆಗೆ ಹೋಗುವುದೇ ಕಷ್ಟ. ಆದ್ದರಿಂದ ಕನಿಷ್ಠ 20 ನಿಮಿಷ ದೂರ ಸರಿಯಿರಿ ಎಂಬುದು ಅವರ ಸಲಹೆ. ನೆಮ್ಮದಿಯಾಗಿರುವ ಒಂದು ದಿನ ಇಬ್ಬರೂ ಕುಳಿತು ಇದನ್ನು ಒಪ್ಪಿಕೊಳ್ಳಿರಿ. ಸಿಟ್ಟು ಏರಿದವರು "ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ" ಎನ್ನಲಿ, ಇನ್ನೊಬ್ಬರು ಹಿಂದೆ ಹೋಗಿ ಕೆಣಕದಿರಲಿ. ಆದರೆ ಹೇಳಿದ ಹೊತ್ತಿಗೆ ತಪ್ಪದೆ ಬಂದು ಮಾತು ಮುಗಿಸಬೇಕು. ಬರದೇ ಹೋದರೆ ಅದು ಬಿಡುವಲ್ಲ, ತಪ್ಪಿಸಿಕೊಳ್ಳುವುದು.

ಎರಡನೆಯದು, ಕೇಳಿ ಮಾಡುವುದು. ಸಂಸಾರಕ್ಕೆ ಮೂರು ಮಾತುಗಳು ಬೇಕೆಂದು ಜಗದ್ಗುರು ಫ್ರಾನ್ಸಿಸ್‌ರವರು ಮತ್ತೆ ಮತ್ತೆ ಹೇಳುತ್ತಿದ್ದರು: ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಮೊದಲನೆಯದೇ ದುಡುಕಿಗೆ ಮದ್ದು. "ಹೀಗೆ ಮಾಡಲೇ?" ಎಂದು ಕೇಳಿದಾಗ ಕೈ ತಾನಾಗಿ ಒಂದು ಕ್ಷಣ ನಿಲ್ಲುತ್ತದೆ. ಇಷ್ಟು ರೂಪಾಯಿಗೆ ಮೀರಿದ ಯಾವ ಖರ್ಚನ್ನೂ, ಸಾಲವನ್ನೂ, ಜಾಮೀನನ್ನೂ ಇಬ್ಬರೂ ಮಾತಾಡಿ, ಒಂದು ರಾತ್ರಿ ಕಳೆಯದೆ ಒಪ್ಪಿಕೊಳ್ಳುವುದಿಲ್ಲವೆಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿರಿ. ಜೋಸೆಫರಿಗೆ ಒಂದು ರಾತ್ರಿ ಸಾಕಾಯಿತು. ನಮಗೂ ಬಹಳ ಸಲ ಅಷ್ಟೇ ಸಾಕು.

ಮೂರನೆಯದು, ಉಂಡು ಮಲಗುವ ಮುಂಚೆ ಮುಗಿಸುವುದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾವು ನಗುತ್ತೇವೆ. ಕೋಪ ಸೂರ್ಯಾಸ್ತವನ್ನು ದಾಟಬಾರದೆಂದು ಪೌಲರೂ ಎಫೆಸದವರಿಗೆ ಬರೆದಿದ್ದಾರೆ. ಆದರೆ ಮಲಗಿ ಎದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬಾರದು. "ಏನೋ ಆಗಿಹೋಯಿತು ಬಿಡು" ಎಂಬುದು ಕ್ಷಮೆ ಕೇಳಿದಂತಲ್ಲ. "ಮಕ್ಕಳ ಮುಂದೆ ನಿನಗೆ ಹಾಗೆ ಅಂದದ್ದು ತಪ್ಪು" ಎಂದು ಬಿಡಿಸಿ ಹೇಳಿರಿ. ಪಾಪನಿವೇದನೆಯಲ್ಲಿ ನಾವು ಪಾಪವನ್ನು ಹೆಸರಿಟ್ಟು ಹೇಳುವುದಿಲ್ಲವೇ? ಮನೆಯಲ್ಲಿಯೂ ಹಾಗೆಯೇ.

ನಾಲ್ಕನೆಯ ಮಾತು ದುಡುಕದವರಿಗೆ. ನಿಮಗೂ ಒಂದು ಶೋಧನೆಯುಂಟು, ಅದು ಮೌನ. ದುಡುಕಿನವರು ಒಂದು ಮಾತಿನಿಂದ ಗಾಯ ಮಾಡಿದರೆ, ನೀವು ಹದಿನೈದು ದಿನ ಮಾತು ಬಿಟ್ಟು ಗಾಯ ಮಾಡಬಹುದು. ಹಳೆಯ ತಪ್ಪುಗಳ ಲೆಕ್ಕಪುಸ್ತಕ ಇಟ್ಟುಕೊಂಡು ಪ್ರತಿ ಜಗಳದಲ್ಲೂ ತೆರೆಯಬಹುದು. ಅದನ್ನು ಬಿಡಿರಿ. ದುಡುಕಿನವರು ಒಂದು ದಿನ ತಡೆದುಕೊಂಡದ್ದು ಕಂಡರೆ ಅದನ್ನು ಗಮನಿಸಿ ಹೇಳಿರಿ. "ಇವತ್ತು ನೀವು ಸುಮ್ಮನಿದ್ದುದು ನನಗೆ ಎಷ್ಟು ಸಮಾಧಾನವಾಯಿತು" ಎಂಬ ಒಂದು ಮಾತು ಹತ್ತು ಬುದ್ಧಿಮಾತುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಗಳಿಗೆ ಗಂಡು, ಮಗನಿಗೆ ಹೆಣ್ಣು ನೋಡುತ್ತಿರುವ ತಂದೆತಾಯಿಯರೇ, ನಿಮಗೂ ಒಂದು ಮಾತು. ನಮ್ಮ ದೇವಾಲಯಗಳಲ್ಲಿ ಮದುವೆಗೆ ಮುಂಚೆ ಪ್ರಕಟಣೆ ಓದುತ್ತೇವೆ. ಅಡ್ಡಿಯೇನಾದರೂ ಇದ್ದರೆ ತಿಳಿದವರು ತಿಳಿಸಲಿ ಎಂಬುದು ಅದರ ಉದ್ದೇಶ. ಸ್ವಭಾವದ ವಿಷಯದಲ್ಲಿಯೂ ಆ ಪ್ರಾಮಾಣಿಕತೆ ನಮ್ಮಲ್ಲಿರಲಿ. ಯಾರಾದರೂ ವಿಚಾರಿಸಿದಾಗ ನಿಜ ಹೇಳೋಣ. ವಿವಾಹ ಸಿದ್ಧತೆಯ ತರಗತಿಗೆ ಬರುವ ಯುವಕ ಯುವತಿಯರು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ: ನಿಮಗೆ ಸಿಟ್ಟು ಬಂದಾಗ ಏನು ಮಾಡುತ್ತೀರಿ? ಕೈಯಲ್ಲಿ ಹಣ ಬಂದಾಗ ಏನು ಮಾಡುತ್ತೀರಿ? ತಪ್ಪಾದಾಗ ಹೇಗೆ ಹಿಂತಿರುಗುತ್ತೀರಿ? ದುಡುಕಿನವರಿಗೆ ಮದುವೆ ಬೇಡವೆಂದಲ್ಲ. ಆದರೆ ತನ್ನ ದುಡುಕನ್ನು ಕಂಡುಕೊಂಡು, ಒಪ್ಪಿಕೊಂಡು, ತಿದ್ದಿಕೊಳ್ಳಲು ಹೊರಟವರಿಗೂ, ಅದನ್ನೇ ಗಂಡಸುತನವೆಂದು ಮೆರೆಸುವವರಿಗೂ ಬಹಳ ಅಂತರವಿದೆ.

ಪ್ರೀತಿಯ ದಂಪತಿಗಳೇ, ಮದುವೆಯ ದಿನ ನೀವು ಸುಖದಲ್ಲಿಯೂ ದುಃಖದಲ್ಲಿಯೂ ಜೊತೆಗಿರುತ್ತೇವೆಂದು ಮಾತು ಕೊಟ್ಟಿರಿ. ಆ ದೊಡ್ಡ ಮಾತನ್ನು ಉಳಿಸಿಕೊಳ್ಳುವುದು ಸಣ್ಣ ಸಣ್ಣ ಕ್ಷಣಗಳಲ್ಲಿ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡ ಕ್ಷಣದಲ್ಲಿ, ಎತ್ತಿದ ಕೈಯನ್ನು ಇಳಿಸಿದ ಕ್ಷಣದಲ್ಲಿ, ಬರೆದ ಸಂದೇಶವನ್ನು ಕಳುಹಿಸದೆ ಅಳಿಸಿದ ಕ್ಷಣದಲ್ಲಿ ಆ ಪ್ರತಿಜ್ಞೆ ಮತ್ತೆ ಜೀವ ಪಡೆಯುತ್ತದೆ. ಆ ಪುಟ್ಟ ಬಿಡುವಿನಲ್ಲಿ ನಮ್ಮೊಡನೆ ಮಾತನಾಡಲು ದೇವರು ಕಾದಿರುತ್ತಾರೆ.

ಈಗ ಬಲಿಪೀಠದ ಮುಂದೆ ನಮ್ಮ ಕುಟುಂಬಗಳನ್ನು ಅರ್ಪಿಸೋಣ. ಗಂಡ ಹೆಂಡತಿ ಜೊತೆಯಲ್ಲಿ ಬಂದವರು ಒಂದು ಕ್ಷಣ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಳ್ಳಿರಿ. ಒಬ್ಬರೇ ಬಂದವರು ಮನೆಯಲ್ಲಿರುವವರನ್ನು ನೆನೆದುಕೊಳ್ಳಿರಿ. ಓ ಪ್ರಭುವೇ, ನೋವಿನಲ್ಲಿಯೂ ದುಡುಕದ ಸಂತ ಜೋಸೆಫರ ನಿಧಾನವನ್ನು ನಮಗೆ ಕೊಡಿರಿ. ಎಲ್ಲವನ್ನೂ ಹೃದಯದಲ್ಲಿಟ್ಟು ಧ್ಯಾನಿಸಿದ ಮಾತೆ ಮರಿಯಮ್ಮನವರ ಆಳವನ್ನು ಕೊಡಿರಿ. ದುಡುಕಿ ಎಡವಿದ ನಮ್ಮನ್ನು ಪೇತ್ರರಂತೆ ಎಬ್ಬಿಸಿ, ಮತ್ತೆ ಪ್ರೀತಿಸಲು ಕಲಿಸಿರಿ. ನಮ್ಮ ಮನೆಯ ಬಾಗಿಲು ತೆರೆದ ಸದ್ದು ಕೇಳಿದಾಗ ಒಳಗಿರುವವರು ಹೆದರದೆ ಸಂತೋಷಪಡುವಂತೆ ನಮ್ಮನ್ನು ಬದಲಾಯಿಸಿರಿ.

ನಿಮಗೆಲ್ಲರಿಗೂ ಪವಿತ್ರ ಕುಟುಂಬದ ಹಬ್ಬದ ಶುಭಾಶಯಗಳು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ, ಆಮೆನ್.